ರಾಯಣ್ಣನ ಕೈಯ ಕತ್ತಿ ಕಾಣುತ್ತೆ, ಕಳೆದುಕೊಂಡ ಹೊಲ ಕಾಣಲ್ಲ

ಚನ್ನಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುವ ನಮ್ಮ ಕಡೆಯ ಜನ ದಿನಾ ಇಳಿಯೋದು ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ. ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೆಜೆಸ್ಟಿಕ್ಕು, ಇಲ್ಲಾ ಸಿಟಿ ಸ್ಟೇಷನ್ನು. ರೈಲ್ವೆಯವರು ಬೋರ್ಡು ಬದಲಿಸಿದರು, ಕೋಡು ಹಳೇ ಎಸ್‌ಬಿಸಿಯೇ ಉಳಿಯಿತು. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅನ್ನೋದು ಕೆಎಸ್‌ಆರ್ ಅಂತಾಯಿತು. ಮೂರಕ್ಷರಕ್ಕೆ ಇಳಿದ ಈ ಮನುಷ್ಯ ಯಾರು, ಯಾಕೆ ಸತ್ತ ಅಂತ ಕೇಳಿದರೆ ಸಿಗೋ ಉತ್ತರವೂ ಹೆಚ್ಚುಕಮ್ಮಿ ಮೂರೇ ಮಾತಿನದ್ದು. ಕಿತ್ತೂರು ಚೆನ್ನಮ್ಮನ ಬಲಗೈ ಬಂಟ, ಬ್ರಿಟಿಷರ ವಿರುದ್ಧ ಹೋರಾಡಿದ, ನಮ್ಮವರೇ ಹಿಡಿದುಕೊಟ್ಟರು.

ಈ ಮೂರೂ ಸುಳ್ಳಲ್ಲ. ಆದರೆ ಈ ಮೂರರಲ್ಲೂ ಅವನ ಹೊಲ ಇಲ್ಲ. ರಾಯಣ್ಣನ ಬದುಕನ್ನು ಅರಮನೆಯಿಂದಲ್ಲ, ಹೊಲದಿಂದ ಶುರು ಮಾಡಿ ಹೇಳಬೇಕು ಅನ್ನೋದು ನನ್ನ ವಾದ.

ನಾನು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದವನು. ಓದಿದ್ದು ಇಂಜಿನಿಯರಿಂಗ್, ಕೆಲವು ವರ್ಷ ಡೇಟಾಬೇಸ್ ಕಾಯುವ ಕೆಲಸ ಮಾಡಿ, ಆಮೇಲೆ ಈ ಬರೆಯೋ ಕಸುಬಿಗೆ ಬಿದ್ದವನು. ಕಿತ್ತೂರು ನಾಡಿಗೂ ನಮ್ಮೂರಿಗೂ ನಡುವೆ ಐನೂರು ಕಿಲೋಮೀಟರಿನ ಆಸುಪಾಸು ದೂರ ಇದೆ. ಹಾಗಿದ್ದರೂ ರಾಯಣ್ಣ ನನ್ನನ್ನು ಹಿಡಿದುಕೊಂಡಿದ್ದಕ್ಕೆ ಕಾರಣ ಒಂದು ವಿಚಿತ್ರ ಹವ್ಯಾಸ. ಇಂಗ್ಲೆಂಡಿನ ಜನಪದ ಹಾಡುಗಳು, ಅಲ್ಲಿನ ರೈತ ದಂಗೆಗಳು, ರಾಬಿನ್ ಹುಡ್ ತರದ ಕತೆಗಳನ್ನು ಓದೋದು. ನಮ್ಮನ್ನು ಆಳಿದವರ ದೇಶದ ಇತಿಹಾಸ ಅಂದರೆ ರಾಜ, ರಾಣಿ, ವೈಸ್‌ರಾಯ್ ಅಂತಲೇ ನಮಗೆ ಕಲಿಸಿದ್ದಾರೆ. ಅಲ್ಲೂ ತೆರಿಗೆ ಕಟ್ಟಲಾಗದೆ ದಾಖಲೆ ಸುಟ್ಟವರಿದ್ದರು, ಹೊಟ್ಟೆಗಿಲ್ಲದೆ ಯಂತ್ರ ಮುರಿದು ನೇಣಿಗೆ ಹೋದವರಿದ್ದರು ಅಂತ ಯಾವ ಪಠ್ಯಪುಸ್ತಕವೂ ನನಗೆ ಹೇಳಲಿಲ್ಲ. ಅವರ ಕತೆಗಳನ್ನು ಓದ್ತಾ ಓದ್ತಾ ರಾಯಣ್ಣ ಬೇರೆ ತರ ಕಾಣೋಕೆ ಶುರುವಾದ.

ರಾಯಣ್ಣನನ್ನು ಏಕವಚನದಲ್ಲೇ ಬರೆಯುತ್ತೇನೆ. ಲಾವಣಿಯವರು ಕರೆಯೋದೂ ಹಾಗೇ, ಅದರಲ್ಲಿ ಅಗೌರವ ಇಲ್ಲ.

ಈಗಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿ, ಮಲಪ್ರಭಾ ದಂಡೆಯ ಮೇಲೆ ಸಂಗೊಳ್ಳಿ ಇದೆ. ಅಪ್ಪ ಭರಮಪ್ಪ, ಅವ್ವ ಕೆಂಚವ್ವ. ಹಾಲುಮತದ, ಅಂದರೆ ಕುರುಬರ ಮನೆ. ಹುಟ್ಟಿದ್ದು 1798ರ ಆಗಸ್ಟ್ 15 ಅಂತ ಆಚರಣೆ ನಡೆಯುತ್ತೆ, 1796 ಅನ್ನುವವರೂ ಇದ್ದಾರೆ. ಗಲ್ಲಿಗೇರಿದ್ದು 1831ರ ಜನವರಿ 26. ಹುಟ್ಟು ಸ್ವಾತಂತ್ರ್ಯ ದಿನ, ಸಾವು ಗಣರಾಜ್ಯ ದಿನ. ಭಾಷಣಕಾರರಿಗೆ ಇದಕ್ಕಿಂತ ಇನ್ನೇನು ಬೇಕು? ಆ ಕಾಲದಲ್ಲಿ ಊರು ಕಾಯುವವನ ಮನೆಯ ಮಗು ಹುಟ್ಟಿದ ತಾರೀಕನ್ನು ಯಾರು ಬರೆದಿಡುತ್ತಿದ್ದರು ಅಂತ ಕೇಳೋ ಮನಸ್ಸು ನನಗೆ ಬರುತ್ತೆ. ನಮ್ಮಜ್ಜಿಗೇ ತಾನು ಹುಟ್ಟಿದ್ದು ಯಾವ ಬರಗಾಲದ ಹಿಂದಿನ ವರ್ಷ ಅಂತ ಗೊತ್ತಿತ್ತೇ ಹೊರತು ತಾರೀಕು ಗೊತ್ತಿರಲಿಲ್ಲ. ಇರಲಿ ಬಿಡಿ. ಜನಕ್ಕೆ ಆ ದಿನ ಬೇಕು, ಇಟ್ಟುಕೊಂಡಿದ್ದಾರೆ.

ಮುಖ್ಯವಾದದ್ದು ಆ ಮನೆಯ ಕೆಲಸ. ರಾಯಣ್ಣ ವಾಲಿಕಾರ. ಊರಿನ ಗಡಿ ಕಾಯಬೇಕು, ಕಳ್ಳರ ಜಾಡು ಹಿಡಿಯಬೇಕು, ಕಂದಾಯದ ದುಡ್ಡು ಖಜಾನೆಗೆ ಹೋಗುವಾಗ ಜೊತೆಗೆ ನಡೆಯಬೇಕು, ಸಂಸ್ಥಾನದಿಂದ ಕರೆ ಬಂದರೆ ಆಯುಧ ಹಿಡಿದು ಹೊರಡಬೇಕು. ಇದಕ್ಕೆ ತಿಂಗಳ ಸಂಬಳ ಇಲ್ಲ. ಬದಲಿಗೆ ಉಣ್ಣೋಕೆ ಹೊಲ. ಇಂಥವರನ್ನು ಅಲ್ಲಿ ಶೇತಸನದಿಗಳು ಅಂತ ಕರೆಯುತ್ತಿದ್ದರು. ಹೊಲದ ಸನದು ಪಡೆದವರು ಅಂತ ಅರ್ಥ. ನಮ್ಮ ಹಳೇ ಮೈಸೂರು ಕಡೆ ತೋಟಿ, ತಳವಾರ, ನೀರಗಂಟಿ ಅಂತ ಇದ್ದರಲ್ಲ, ಅವರ ಇನಾಮ್ತಿ ಜಮೀನಿನ ಲೆಕ್ಕವೂ ಇದೇ. ಇನಾಮು ಅನ್ನೋ ಪದ ಕೇಳಿದರೆ ರಾಜರು ಖುಷಿಯಾಗಿ ದಾನ ಕೊಟ್ಟ ಭೂಮಿ ಅನ್ನಿಸುತ್ತೆ. ಇದು ಅದಲ್ಲ, ಪಕ್ಕಾ ಕೂಲಿ. ಮಣ್ಣಿನ ರೂಪದಲ್ಲಿ ಕೊಟ್ಟ ಕೂಲಿ.

ಇದನ್ನು ತಲೆಯಲ್ಲಿಟ್ಟುಕೊಂಡು ಕಿತ್ತೂರಿನ ಕತೆಗೆ ಹೋಗೋಣ. ಶಾಲೆಯಲ್ಲಿ ಎಲ್ಲರೂ ಓದಿರುವ ಭಾಗ ಇದು, ಬೇಗ ಹೇಳಿ ಮುಗಿಸುತ್ತೇನೆ. ದೊರೆ ಮಲ್ಲಸರ್ಜ ತೀರಿಹೋದದ್ದು 1816ರಲ್ಲಿ. ಅವನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ಸತ್ತ. ಶಿವಲಿಂಗಪ್ಪ ಅನ್ನೋ ಹುಡುಗನನ್ನು ದತ್ತು ತೆಗೆದುಕೊಂಡರು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಈ ದತ್ತು ಒಪ್ಪಲ್ಲ ಅಂದ, ಖಜಾನೆಗೆ ಕಾವಲು ಹಾಕಿದ, 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಗುಂಡೇಟಿಗೆ ಸತ್ತ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಥ್ಯಾಕರೆ ಅಂದರೆ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಕಿತ್ತೂರಲ್ಲಿ ಸತ್ತವನು ಆತನ ಚಿಕ್ಕಪ್ಪ. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, ಆಕೆ 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು.

ಆ ಯುದ್ಧದಲ್ಲಿ ರಾಯಣ್ಣ ಇದ್ದ, ಸೆರೆಯೂ ಸಿಕ್ಕ. ಆಮೇಲೆ ಸೋತವರಿಗೆ ಕ್ಷಮೆ ಅಂತ ಬಿಟ್ಟು ಕಳಿಸಿದರು. ಅವನು ಊರಿಗೆ ಬಂದ.

ಇಲ್ಲಿಂದ ಮುಂದಿನ ಐದು ವರ್ಷಕ್ಕೆ ವೀರಗಾಥೆಗಳಲ್ಲಿ ಜಾಗ ಸಿಗೋದು ಕಡಿಮೆ. ಕುದುರೆ ಓಡಲ್ಲ, ಕತ್ತಿ ಮಸೆಯಲ್ಲ. ಆದರೆ ನನಗೆ ಇಡೀ ಬದುಕಿನಲ್ಲಿ ಮುಖ್ಯ ಅನ್ನಿಸೋದು ಈ ಐದು ವರ್ಷವೇ. ಯುದ್ಧ ಗೆದ್ದ ಕಂಪನಿ ಈಗ ಲೆಕ್ಕದ ಪುಸ್ತಕ ತೆಗೆಯಿತು. ಸಂಸ್ಥಾನವೇ ಇಲ್ಲ ಅಂದಮೇಲೆ ಸಂಸ್ಥಾನ ಕಾಯುವವರಿಗೆ ಹೊಲ ಯಾಕೆ? ಊರು ಕಾಯೋಕೆ ಇಷ್ಟು ಜನ ಯಾಕೆ? ಯಾವ ಭೂಮಿಗೆ ಕಂದಾಯ ಬರುತ್ತಿಲ್ಲ, ಯಾಕೆ ಬರುತ್ತಿಲ್ಲ? ಕಚೇರಿಯಲ್ಲಿ ಕೂತು ನೋಡಿದರೆ ಇವೆಲ್ಲ ತುಂಬಾ ನ್ಯಾಯವಾದ ಪ್ರಶ್ನೆಗಳು. ಯಾವ ಕಂಪನಿ ಇನ್ನೊಂದು ಕಂಪನಿಯನ್ನು ಕೊಂಡುಕೊಂಡರೂ ಮೊದಲ ತಿಂಗಳು ಮಾಡೋ ಕೆಲಸ ಇದೇ. ಅನಗತ್ಯ ಹುದ್ದೆಗಳ ಪಟ್ಟಿ.

ರಾಯಣ್ಣನ ಹೊಲದಲ್ಲಿ ಒಂದು ಪಾಲನ್ನು ಕಿತ್ತುಕೊಂಡರು. ಉಳಿದದ್ದಕ್ಕೆ ಭಾರೀ ಕಂದಾಯ ಹಾಕಿದರು. ಈಗಿನ ಮಾತಲ್ಲಿ ಹೇಳಬೇಕಂದ್ರೆ, ನಿಮ್ಮ ಸಂಬಳ ನಿಲ್ಲಿಸಿ, ಕೆಲಸ ಮುಂದುವರಿಸಿ ಅಂತ ಹೇಳಿ, ನೀವು ಕೂರುವ ಕುರ್ಚಿಗೆ ಬಾಡಿಗೆ ಕೇಳಿದ ಹಾಗೆ. ಇದು ಒಬ್ಬ ರಾಯಣ್ಣನಿಗೆ ಆದದ್ದಾಗಿದ್ದರೆ ಅದು ಒಂದು ಜಗಳವಾಗಿ ಮುಗಿಯುತ್ತಿತ್ತು. ಆದರೆ ಕಿತ್ತೂರು ನಾಡಿನ ಹಳ್ಳಿ ಹಳ್ಳಿಯಲ್ಲೂ ಇಂಥ ಶೇತಸನದಿಗಳಿದ್ದರು. ಆಯುಧ ಹಿಡಿಯೋಕೆ ಗೊತ್ತಿದ್ದವರು, ಕಾಡಿನ ದಾರಿ ಗೊತ್ತಿದ್ದವರು, ಒಬ್ಬರಿಗೊಬ್ಬರು ಪರಿಚಯ ಇದ್ದವರು. ಅಂಥವರ ಹೊಟ್ಟೆಗೇ ಕೈ ಹಾಕಿದ್ದು ಕಂಪನಿ ಮಾಡಿದ ಮೂರ್ಖತನ ಅಂತ ನನಗನ್ನಿಸುತ್ತೆ. ರಾಜನ ಸೈನ್ಯವನ್ನು ಒಂದೇ ತಿಂಗಳಲ್ಲಿ ಮುಗಿಸಿದವರಿಗೆ, ಕೆಲಸ ಕಳೆದುಕೊಂಡ ಕಾವಲುಗಾರರು ಎಂಥ ಸೈನ್ಯ ಆಗಬಲ್ಲರು ಅನ್ನೋ ಅಂದಾಜಿರಲಿಲ್ಲ.

ಚೆನ್ನಮ್ಮ ಸತ್ತ ವರ್ಷವೇ ಗುಂಪು ಕೂಡೋಕೆ ಶುರುವಾಯಿತು. 1830ರ ಜನವರಿಯಲ್ಲಿ ಬೀಡಿಯ ತಾಲ್ಲೂಕು ಕಚೇರಿಗೆ ಬೆಂಕಿ ಬಿತ್ತು. ಆಮೇಲೆ ನಂದಗಡ, ಖಾನಾಪುರ, ಸಂಪಗಾವಿ. ರಾತ್ರಿ ಬರೋದು, ಹೊಡೆಯೋದು, ಬೆಳಗಾಗುವಷ್ಟರಲ್ಲಿ ಕಾಡು ಸೇರೋದು. ಖಾನಾಪುರದಿಂದ ಹಳಿಯಾಳದ ಕಡೆಗೆ ಹಬ್ಬಿದ ಕಾಡು ಅದು. ಆ ಕಾಡಿನ ಸಿದ್ದಿಗಳು ರಾಯಣ್ಣನ ಜೊತೆ ನಿಂತರು, ಅವರಲ್ಲಿ ಗಜವೀರ ಅನ್ನೋ ಹೆಸರು ಲಾವಣಿಗಳಲ್ಲಿ ಉಳಿದಿದೆ. ಆಫ್ರಿಕಾದಿಂದ ಗುಲಾಮರಾಗಿ ಗೋವಾ ಕರಾವಳಿಗೆ ತಂದವರ ಮಕ್ಕಳು ಮೊಮ್ಮಕ್ಕಳು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರ ಮನೆಮಾತು ಬಹುಪಾಲು ಇವತ್ತಿಗೂ ಕೊಂಕಣಿ. ಕುರುಬರ ವಾಲಿಕಾರ, ಸಿದ್ದಿ ಗಜವೀರ, ಬೇರೆ ಬೇರೆ ಜಾತಿಯ ಶೇತಸನದಿಗಳು, ರೈತರು. ರಾಯಣ್ಣನನ್ನು ಒಂದು ಜಾತಿಗೆ, ಒಂದು ಭಾಷೆಯ ಹೆಮ್ಮೆಗೆ ಕಟ್ಟಿಹಾಕುವವರು ಈ ಪಟ್ಟಿಯನ್ನು ಒಂದು ಸಲ ಓದಿಕೊಳ್ಳಬೇಕು.

ಕಚೇರಿಗೆ ಬೆಂಕಿ ಇಟ್ಟದ್ದು ಸಿಟ್ಟಿಗೆ ಮಾತ್ರ ಅಲ್ಲ. ಒಳಗಿದ್ದ ದಪ್ತರ ಸುಡಬೇಕಿತ್ತು. ಯಾರ ಹೊಲ ಎಷ್ಟು, ಯಾರು ಎಷ್ಟು ಬಾಕಿ, ಯಾವ ಸನದು ರದ್ದು ಅಂತ ಬರೆದಿದ್ದ ಕಾಗದಗಳವು. ಡೇಟಾಬೇಸ್ ಕಾದವನಾಗಿ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಒಂದೇ ಪ್ರತಿ, ಬ್ಯಾಕಪ್ ಇಲ್ಲ. ಆ ಕಾಗದ ಸುಟ್ಟರೆ ಸಾಲ ಸುಟ್ಟ ಹಾಗೆ. ಓದು ಬರಹ ಬಾರದ ಜನ ಕಾಗದಕ್ಕೆ ಬೆಂಕಿ ಇಟ್ಟರು ಅಂತ ಅಧಿಕಾರಿಗಳು ಆಡಿಕೊಂಡಿರಬಹುದು. ನನ್ನ ಪ್ರಕಾರ ಅವರಿಗೆ ಕಾಗದದ ಶಕ್ತಿ ಓದು ಬರಹ ಬಲ್ಲವರಿಗಿಂತ ಚೆನ್ನಾಗಿ ಗೊತ್ತಿತ್ತು.

ಇಂಗ್ಲೆಂಡಿನ ರೈತರಿಗೂ ಗೊತ್ತಿತ್ತು. 1381ರಲ್ಲಿ ತಲೆಗಂದಾಯದ ವಿರುದ್ಧ ಎದ್ದ ವಾಟ್ ಟೈಲರ್‌ನ ಜನ ಊರೂರಲ್ಲಿ ಹುಡುಕಿ ಹುಡುಕಿ ಸುಟ್ಟದ್ದು ಜಮೀನುದಾರರ ದಾಖಲೆಯ ಸುರುಳಿಗಳನ್ನು. ಯಾರು ಯಾರಿಗೆ ಬಿಟ್ಟಿ ದುಡಿಯಬೇಕು ಅಂತ ಅದರಲ್ಲಿ ಬರೆದಿತ್ತು. ಆ ದಂಗೆಯಲ್ಲೂ ಜನಕ್ಕೆ ರಾಜನ ಮೇಲೆ ಸಿಟ್ಟಿರಲಿಲ್ಲ. ಹುಡುಗ ರಾಜ ಎರಡನೇ ರಿಚರ್ಡ್ ಒಳ್ಳೆಯವನು, ಸುತ್ತ ಇರುವವರು ಕೆಟ್ಟವರು ಅಂತ ನಂಬಿದ್ದರು. ಆ ರಾಜನನ್ನು ಭೇಟಿಯಾಗೋಕೆ ಹೋದಾಗಲೇ ಟೈಲರ್‌ನನ್ನು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಕೊಂದರು. ರಾಯಣ್ಣನ ದಂಗೆಯ ಗುರಿ ಕೂಡ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ಕೂರಿಸೋದು. ನಮ್ಮ ಕೆಲವು ಗೆಳೆಯರು ರಾಯಣ್ಣನನ್ನು ಇವತ್ತಿನ ಅರ್ಥದ ಕ್ರಾಂತಿಕಾರಿ ಮಾಡಲು ಹೊರಟು ಈ ಭಾಗವನ್ನು ನುಂಗಿಬಿಡುತ್ತಾರೆ. ನುಂಗಬೇಕಾಗಿಲ್ಲ. ಹಳೇ ರಾಜ ಬಂದರೆ ಹಳೇ ಸನದು ಊರ್ಜಿತ ಆಗುತ್ತೆ, ಹೊಲ ವಾಪಸ್ ಬರುತ್ತೆ. ಅವರಿಗೆ ರಾಜನಿಷ್ಠೆ ಅನ್ನೋದು ಜಮೀನಿನ ಹಕ್ಕಿನ ಇನ್ನೊಂದು ಹೆಸರಾಗಿತ್ತು.

ಅದೇ 1830ನೇ ಇಸವಿಯಲ್ಲಿ ನಡೆದ ಇನ್ನೆರಡು ಸಂಗತಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಂದು ನಮ್ಮ ಮೈಸೂರು ಸೀಮೆಯದ್ದು. ನಗರದ ಕಡೆ, ಅಂದರೆ ಈಗಿನ ಶಿವಮೊಗ್ಗದ ಭಾಗದಲ್ಲಿ, ಕಂದಾಯದ ಕಾಟ ತಾಳದೆ ರೈತರು ಕೂಟ ಸೇರಿದರು. ಬೂದಿ ಬಸವಪ್ಪ ಅನ್ನುವವನು ತಾನು ಕೆಳದಿ ವಂಶದವನು ಅಂತ ಹೇಳಿಕೊಂಡು ಮುಂದಾಳಾದ. ಇಲ್ಲೂ ನೋಡಿ, ಹಳೇ ರಾಜನ ಹೆಸರೇ ಬೇಕಾಯಿತು. ಆ ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತು. ನಮ್ಮ ಚನ್ನಪಟ್ಟಣ ಸೇರಿದಂತೆ ಇಡೀ ಮೈಸೂರು 1881ರವರೆಗೆ ಕಮಿಷನರುಗಳ ಕೈಯಲ್ಲಿತ್ತು.

ಇನ್ನೊಂದು ಇಂಗ್ಲೆಂಡಿನದ್ದು. 1830ರ ಆಗಸ್ಟ್ ಕೊನೆಗೆ ಕೆಂಟ್ ಪ್ರಾಂತ್ಯದಲ್ಲಿ ಕೂಲಿಗಳು ರಾತ್ರೋರಾತ್ರಿ ಹೋಗಿ ಒಕ್ಕಣೆ ಯಂತ್ರ ಒಡೆದು ಹಾಕಿದರು. ಚಳಿಗಾಲದಲ್ಲಿ ಅವರಿಗಿದ್ದ ಒಂದೇ ಕೆಲಸ ಕೈಯಲ್ಲಿ ಒಕ್ಕೋದು, ಅದನ್ನು ಯಂತ್ರ ತಿಂದಿತ್ತು. ದಕ್ಷಿಣ ಇಂಗ್ಲೆಂಡ್ ತುಂಬಾ ಬಣವೆಗಳು ಉರಿದವು. ಜಮೀನುದಾರರಿಗೆ ಬೆದರಿಕೆ ಪತ್ರಗಳು ಬಂದವು, ಕೆಳಗೆ ಸಹಿ ಕ್ಯಾಪ್ಟನ್ ಸ್ವಿಂಗ್ ಅಂತ. ಅಂಥ ಒಬ್ಬ ಕ್ಯಾಪ್ಟನ್ ಇರಲೇ ಇಲ್ಲ. ಇಲ್ಲದ ನಾಯಕನನ್ನು ಹಿಡಿಯೋಕೆ ಆಗುತ್ತಾ? ಬದಲಿಗೆ ಸಿಕ್ಕಸಿಕ್ಕ ಕೂಲಿಗಳನ್ನು ಹಿಡಿದರು. 19 ಜನಕ್ಕೆ ನೇಣು, ಸುಮಾರು 500 ಜನ ಆಸ್ಟ್ರೇಲಿಯಾ ಕಡೆಗೆ ಗಡೀಪಾರು. ಬೀಡಿಯ ಕಚೇರಿಗೆ ಬೆಂಕಿ ಇಟ್ಟವರಿಗೆ ಕೆಂಟ್ ಪ್ರಾಂತ್ಯ ಎಲ್ಲಿದೆ ಗೊತ್ತಿರಲಿಲ್ಲ, ಕೆಂಟ್‌ನವರಿಗೆ ಬೀಡಿ ಗೊತ್ತಿರಲಿಲ್ಲ. ಇಬ್ಬರನ್ನೂ ಗಲ್ಲಿಗೆ ಕಳಿಸಿದವರು ಮಾತ್ರ ಒಂದೇ ದೇಶದ ದೊರೆಗಳು.

ರಾಯಣ್ಣನಿಗೆ ಮುಖ ಇತ್ತು, ಊರಿತ್ತು, ಹೆಸರಿತ್ತು. ಹಾಗಾಗಿ ಹಿಡಿಯೋಕೂ ಆಯಿತು. ಕಾಡಿನಲ್ಲಿ ಬೆನ್ನತ್ತಿ ಸುಸ್ತಾದ ಕಂಪನಿ ಊರೊಳಗಿನವರನ್ನು ಹಿಡಿದುಕೊಂಡಿತು. ರಾಯಣ್ಣ ಖಜಾನೆ ದೋಚುತ್ತಿದ್ದದ್ದಷ್ಟೇ ಅಲ್ಲ, ಸ್ಥಿತಿವಂತರಿಂದ ವಸೂಲಿಯನ್ನೂ ಮಾಡುತ್ತಿದ್ದ. ಅದನ್ನು ಮುಚ್ಚಿಡಬೇಕಾಗಿಲ್ಲ. ದೊಡ್ಡ ಮನೆಗಳಿಗೆ ಕಂಪನಿಗಿಂತ ರಾಯಣ್ಣನ ಭಯವೇ ಹೆಚ್ಚಾಗಿತ್ತು. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಅನ್ನುವವರು ನಂಬಿಕಸ್ತರಂತೆ ಅವನ ಗುಂಪಿಗೆ ಹತ್ತಿರವಾದರು. 1830ರ ಏಪ್ರಿಲ್‌ನಲ್ಲಿ, ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ, ಕೈಯಲ್ಲಿ ಆಯುಧ ಇಲ್ಲದ ಹೊತ್ತು ನೋಡಿ ಹಿಡಿದುಕೊಟ್ಟರು. ಶಿವಲಿಂಗಪ್ಪನೂ ಬಂಧನಕ್ಕೊಳಗಾದ.

ಉತ್ತರ ಕರ್ನಾಟಕದಲ್ಲಿ ಈ ಇಬ್ಬರ ಹೆಸರು ಇವತ್ತಿಗೂ ಬೈಗುಳ. ದ್ರೋಹಿಗಳು ಎಲ್ಲಾ ಕಾಲದಲ್ಲೂ ಇರ್ತಾರೆ ಅಂತ ಹೇಳಿ ನಾವು ಮುಂದಕ್ಕೆ ಹೋಗ್ತೀವಿ. ನನಗೆ ಅದು ಸಾಕಾಗಲ್ಲ. ಅವರು ಯಾಕೆ ಹಿಡಿದುಕೊಟ್ಟರು? ಗುಣ ಕೆಟ್ಟದ್ದು ಅನ್ನೋದು ಉತ್ತರ ಅಲ್ಲ. ಕಂಪನಿ ಬಂದಮೇಲೆ ಗೌಡಿಕೆ, ಕುಲಕರ್ಣಿಕೆ ಮನೆಗಳಿಗೆ ಹೊಸ ಸರ್ಕಾರದ ಜೊತೆ ಬದುಕೋ ದಾರಿ ಇತ್ತು. ಕಂದಾಯ ಎತ್ತೋಕೆ ಅವರು ಬೇಕಿತ್ತು. ವಾಲಿಕಾರನಿಗೆ ಆ ದಾರಿ ಇರಲಿಲ್ಲ. ಒಂದೇ ಊರಿನ ಒಳಗೆ, ಒಬ್ಬನಿಗೆ ಹೊಸ ರಾಜ್ಯ ಅಂದರೆ ಹೊಸ ಅವಕಾಶ, ಇನ್ನೊಬ್ಬನಿಗೆ ಹೊಸ ರಾಜ್ಯ ಅಂದರೆ ಹೊಲ ಹೋಗೋದು. ದ್ರೋಹ ಹುಟ್ಟಿದ್ದು ಆ ಬಿರುಕಿನಲ್ಲಿ. ಇದನ್ನು ಹೇಳಿದರೆ ಕತೆಯ ಖಳನಾಯಕರು ಬರೀ ಇಬ್ಬರಾಗಿ ಉಳಿಯಲ್ಲ, ಹಾಗಾಗಿ ನಾವು ಹೇಳಲ್ಲ.

ಒಂಬತ್ತು ತಿಂಗಳು ಸೆರೆ, ವಿಚಾರಣೆ. 1831ರ ಜನವರಿ 26ರಂದು ನಂದಗಡದ ಹತ್ತಿರ ಅವನನ್ನು ಗಲ್ಲಿಗೇರಿಸಿದರು. ಸಂಗಡಿಗರಲ್ಲಿ ಕೆಲವರಿಗೂ ಅದೇ ಗತಿ. ನಂದಗಡವನ್ನೇ ಆರಿಸಿದ್ದು ಅವನು ದಾಳಿ ಮಾಡಿದ ಸೀಮೆಯ ಜನ ನೋಡಲಿ ಅಂತಲೇ ಇರಬೇಕು. 1798 ಅಂತ ಹಿಡಿದರೆ ಅವನಿಗಾಗ 32 ವರ್ಷ. ಇದನ್ನು ಬರೆಯುತ್ತಿರೋ ನನಗಿಂತ ಚಿಕ್ಕವನು.

ಆಮೇಲೆ ಹಾಡು ಶುರುವಾಯಿತು. ಡಪ್ಪು, ತುಂತುಣಿ ಹಿಡಿದು ಗೀಗೀ ಪದ ಹೇಳುವವರು, ಲಾವಣಿಕಾರರು, ಡೊಳ್ಳಿನ ಪದದವರು ರಾಯಣ್ಣನನ್ನು ಜಾತ್ರೆಯಿಂದ ಜಾತ್ರೆಗೆ ಹೊತ್ತುಕೊಂಡು ಹೋದರು. ಅವನು ಸತ್ತು ಐವತ್ತು ವರ್ಷ ಆದಮೇಲೆ, 1880ರ ದಶಕದಲ್ಲಿ, ಮುಂಬೈ ಸಿವಿಲ್ ಸರ್ವೀಸಿನ ಜಾನ್ ಫೇತ್‌ಫುಲ್ ಫ್ಲೀಟ್ ಇಂಥ ಕೆಲವು ಲಾವಣಿಗಳನ್ನು ಬರೆದುಕೊಂಡು ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಶಾಸನಗಳ ವಿದ್ವಾಂಸ ಅಂತ ನಮಗೆ ಗೊತ್ತಿರೋ ಫ್ಲೀಟೇ ಇವನು. ಹಲಗಲಿ ಬೇಡರ ದಂಗೆಯ ಹಾಡನ್ನೂ, ಆದಾಯ ತೆರಿಗೆ ಹೇರಿದ್ದರ ಬಗೆಗಿನ ಹಾಡನ್ನೂ ಅವನು ಸೇರಿಸಿದ. ರಾಯಣ್ಣನ ಲಾವಣಿಗೆ ಇಂಗ್ಲಿಷಿನಲ್ಲಿ ಶೀರ್ಷಿಕೆ ಕೊಡುವಾಗ ಮಾತ್ರ ಅವನನ್ನು ಕಿತ್ತೂರಿನ ಪುಂಡ ಅನ್ನೋ ಅರ್ಥದ ಪದದಿಂದ ಕರೆದ. ಅಧಿಕಾರಿಯ ಕಣ್ಣಿಗೆ ಪುಂಡ, ಆದರೆ ಹಾಡು ಬರೆದಿಟ್ಟವನೂ ಅದೇ ಅಧಿಕಾರಿ. ಅದೇ ದಶಕದಲ್ಲಿ ಹಾರ್ವರ್ಡಿನ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಇಂಗ್ಲೆಂಡ್, ಸ್ಕಾಟ್ಲೆಂಡಿನ ಲಾವಣಿಗಳನ್ನು ಒಟ್ಟು ಮಾಡುತ್ತಿದ್ದ. ಅದರಲ್ಲಿ ರಾಬಿನ್ ಹುಡ್‌ನ ಹಾಡುಗಳೇ ಒಂದು ದೊಡ್ಡ ಗಂಟು.

ರಾಬಿನ್ ಹುಡ್‌ಗೆ ಆದದ್ದನ್ನು ಕೇಳಿ. ಹಳೇ ಲಾವಣಿಗಳಲ್ಲಿ ಅವನು ಯಾವ ರಾಜಮನೆತನದವನೂ ಅಲ್ಲ. ಯೋಮನ್, ಅಂದರೆ ಸ್ವಂತ ಕಾಲ ಮೇಲೆ ನಿಂತ ಸಾಮಾನ್ಯ ಮನುಷ್ಯ. 1598ರಲ್ಲಿ ಆಂಥನಿ ಮುಂಡೆ ಅನ್ನೋ ನಾಟಕಕಾರ ಅವನನ್ನು ಹಂಟಿಂಗ್‌ಡನ್ನಿನ ಅರ್ಲ್ ಮಾಡಿಬಿಟ್ಟ. ಆಸ್ತಿ ಕಳೆದುಕೊಂಡು ಕಾಡು ಸೇರಿದ ದೊರೆ. ಲಂಡನ್ನಿನ ರಂಗದ ಮೇಲೆ ದೊರೆಯ ಕಷ್ಟಕ್ಕೆ ಕಣ್ಣೀರು ಬರುತ್ತೆ, ಸಾಮಾನ್ಯನ ಸಿಟ್ಟಿಗೆ ಭಯ ಆಗುತ್ತೆ. ಅಲ್ಲಿಂದ ಈಚೆಗೆ ಎಷ್ಟೋ ಸಿನಿಮಾಗಳಲ್ಲಿ ಅವನು ದೊರೆಯೇ.

ನಮ್ಮಲ್ಲಿ ವಾಲಿಕಾರ ಸೇನಾಪತಿಯಾದ. 1824ರ ಯುದ್ಧವನ್ನು ಮುಂದೆ ನಿಂತು ನಡೆಸಿದವರು ಗುರುಸಿದ್ದಪ್ಪನಂಥ ಸರದಾರರು. ರಾಯಣ್ಣನ ದೊಡ್ಡತನ ಇರೋದು ಆ ಸರದಾರರೆಲ್ಲ ಮುಗಿದಮೇಲೆ, ಅರಮನೆಯೇ ಇಲ್ಲದಾಗ, ಊರ ಕಾವಲುಗಾರನೊಬ್ಬ ತಾನೇ ಎದ್ದು ನಿಂತದ್ದರಲ್ಲಿ. ಆದರೆ ನಮಗೆ ಕಾವಲುಗಾರ ಸಾಲಲ್ಲ. ಪ್ರತಿಮೆಗಳಲ್ಲಿ ಅವನಿಗೆ ಪೇಟ, ಮೀಸೆ, ಗುರಾಣಿ, ಎತ್ತಿದ ಕತ್ತಿ. 2012ರಲ್ಲಿ ದರ್ಶನ್ ಅಭಿನಯದ ಸಿನಿಮಾ ಬಂದಾಗ ನಾನು ಇಂಜಿನಿಯರಿಂಗ್ ಕೊನೆಯ ಹಂತದಲ್ಲಿದ್ದೆ, ಹಾಸ್ಟೆಲಿನ ಅರ್ಧ ಜನ ಹೋಗಿ ಶಿಳ್ಳೆ ಹೊಡೆದು ಬಂದೆವು. ಸಿನಿಮಾಗೆ ಸೇನಾನಿ ಬೇಕು, ಒಪ್ಪಿಕೊಳ್ಳೋಣ. ಆದರೆ ಸರ್ಕಾರಿ ಜಯಂತಿಯಲ್ಲೂ, ಭಾಷಣದಲ್ಲೂ ಕಂದಾಯ ಅನ್ನೋ ಪದ ಕೇಳಿಸಲ್ಲ. ರಾಯಣ್ಣ ಹೋರಾಡಿದ್ದು ಪರದೇಶಿಗಳ ವಿರುದ್ಧ ಅಂತ ಹೇಳಿದರೆ ಯಾರಿಗೂ ಮುಜುಗರ ಇಲ್ಲ, ಪರದೇಶಿಗಳು 1947ರಲ್ಲೇ ಹೋದರು. ಹೊಲ ಕಿತ್ತುಕೊಂಡ ಸರ್ಕಾರದ ವಿರುದ್ಧ ಅಂದುಬಿಟ್ಟರೆ ವೇದಿಕೆ ಮೇಲೆ ಕೂತವರು ಮುಖ ಎಲ್ಲಿಡಬೇಕು?

ಹಾಗಾಗಿ ರಾಯಣ್ಣ ಪ್ರತಿಮೆಯಾಗಿ ಎಲ್ಲರಿಗೂ ಬೇಕು. 2016ರ ಹೊತ್ತಿಗೆ ಈಶ್ವರಪ್ಪ ಅವನ ಹೆಸರಲ್ಲಿ ಬ್ರಿಗೇಡ್ ಕಟ್ಟಿದರು, ಅದು ಅವರ ಪಕ್ಷದೊಳಗಿನ ಜಗಳಕ್ಕೆ ಒದಗಿತು. 2020ರಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಪ್ರತಿಮೆ ನಿಲ್ಲಿಸೋ ವಿಚಾರಕ್ಕೆ ಗಲಾಟೆ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಿದ್ದ ಬೆನ್ನಿಗೇ ಅನಗೋಳದ ರಾಯಣ್ಣನ ಪ್ರತಿಮೆಗೆ ಹಾನಿ. ಕೊಂಕಣಿ ಮಾತಾಡುವ ಸಿದ್ದಿಗಳ ಜೊತೆ ಮಲಗಿ ಎದ್ದವನನ್ನು ಕನ್ನಡ ಮರಾಠಿ ಜಗಳದ ಗಡಿಗಲ್ಲು ಮಾಡಿ ನಿಲ್ಲಿಸಿದ್ದೇವೆ.

ಹೊಲದ ವಿಚಾರ ಮುಗಿದುಹೋದ ಕತೆ ಅಂತ ನಿಮಗನ್ನಿಸಿದರೆ ನಮ್ಮ ಕಡೆ ಬನ್ನಿ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ ತೋಟಿ, ತಳವಾರರ ವಂಶಪಾರಂಪರ್ಯ ಕೆಲಸವನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು, ಆ ಕೆಲಸದಲ್ಲಿ ಬಿಟ್ಟಿ ಚಾಕರಿ ಇತ್ತು, ಜಾತಿಯ ಅವಮಾನ ಇತ್ತು. ಇನಾಮ್ತಿ ಜಮೀನನ್ನು ಅದೇ ಮನೆಯವರಿಗೆ ರೀಗ್ರಾಂಟ್ ಮಾಡಿಕೊಡಬೇಕು ಅಂತಲೂ ಕಾಯಿದೆ ಹೇಳಿತು. ನಮ್ಮೂರ ಕಡೆಯ ಹಿರಿಯರೊಬ್ಬರಿದ್ದಾರೆ, ಅವರ ತಾತ ತೋಟಿ ಕೆಲಸ ಮಾಡಿದವರು. ಎರಡು ಎಕರೆಗೂ ಕಮ್ಮಿ ಇರೋ ಆ ಜಮೀನಿನ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಪಹಣಿಯಲ್ಲಿ ಇನ್ಯಾರದ್ದೋ ಹೆಸರು ಕೂತು ವರ್ಷಗಳಾಗಿವೆ. ನಾನು ಊರಿಗೆ ಹೋದಾಗಲೆಲ್ಲ, ಕಂಪ್ಯೂಟರ್ ಓದಿದ್ದೀಯಲ್ಲಪ್ಪ, ಅದರೊಳಗೆ ನಮ್ಮ ಹೆಸರು ಹೆಂಗೆ ಹೋಯ್ತು ನೋಡಿ ಹೇಳು ಅನ್ನೋ ಅರ್ಥದಲ್ಲಿ ಕೇಳ್ತಾರೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದರು. ತಪ್ಪಿದ್ದ ಕಡೆ ತಪ್ಪೂ ಹತ್ತಿತು. ಅದನ್ನು ಈಗ ಯಾರೂ ಸುಡೋಕಾಗಲ್ಲ, ಬ್ಯಾಕಪ್ ಇದೆ.

2025ರ ಜುಲೈನಲ್ಲಿ ದೇವನಹಳ್ಳಿ ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತಮೇಲೆ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಅದೇ ವರ್ಷ ನಮ್ಮ ಪಕ್ಕದ ಬಿಡದಿಯಲ್ಲಿ, ಬೈರಮಂಗಲ ಕಂಚುಗಾರನಹಳ್ಳಿ ಭಾಗದಲ್ಲಿ, ಟೌನ್‌ಶಿಪ್ ಬೇಡ ಅಂತ ರೈತರು ಬೀದಿಗೆ ಬಂದರು. ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂದದ್ದೂ ಅದೇ ವರ್ಷ. ಹೆಸರು ಬದಲಾದ ದಿನವೇ ಊರಲ್ಲಿ ಸೈಟಿನ ರೇಟು ಮಾತಾಡೋಕೆ ಶುರು ಮಾಡಿದರು.

ರಾಯಣ್ಣ ಸತ್ತ ಅದೇ ತಿಂಗಳು, ಅವನಿಗಿಂತ ಹನ್ನೊಂದು ದಿನ ಮುಂಚೆ, ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಹೆನ್ರಿ ಕುಕ್ ಅನ್ನೋ 19 ವರ್ಷದ ಉಳುವ ಹುಡುಗನನ್ನು ಗಲ್ಲಿಗೇರಿಸಿದರು. ಸ್ವಿಂಗ್ ಗಲಾಟೆಯಲ್ಲಿ ಬೇರಿಂಗ್ ಅನ್ನೋ ಶ್ರೀಮಂತ ಬ್ಯಾಂಕರ್ ಮನೆತನದ ಒಬ್ಬನಿಗೆ ಸುತ್ತಿಗೆಯಿಂದ ಹೊಡೆದ ಅನ್ನೋದು ಅಪರಾಧ. ಹೊಡೆಸಿಕೊಂಡವನ ಟೋಪಿಗೆ ಆದಷ್ಟು ಹಾನಿ ತಲೆಗೆ ಆಗಿರಲಿಲ್ಲ. ಹುಡುಗನನ್ನು ಮಿಚೆಲ್‌ಡೆವರ್ ಅನ್ನೋ ಅವನ ಊರಲ್ಲಿ ಮಣ್ಣು ಮಾಡಿದರು. ಅವನ ಸಮಾಧಿಯ ಮೇಲೆ ಹಿಮ ನಿಲ್ಲಲ್ಲ ಅಂತ ಆ ಊರಿನವರು ಹೇಳುತ್ತಾ ಬಂದರು.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಹತ್ತಿರ ಒಂದು ದೊಡ್ಡ ಆಲದ ಮರ ಇದೆ. ಅವನ ಗೆಳೆಯನೊಬ್ಬ ನೆಟ್ಟದ್ದು ಅನ್ನೋದು ಜನರ ಮಾತು. ಮಕ್ಕಳಾಗದ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಹರಕೆ ಹೊತ್ತು, ಅದರ ಕೊಂಬೆಗಳಿಗೆ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ.